ತಂಗೆವ್ವನ ಹಗಲಿನ ಕಾವಲು

ನಮ್ಮ ಅತ್ತೆ ತಂಗೆವ್ವ ಓಣಿಯ ನಟ್ಟನಡುವೆಯೇ ನಡೆಯುತ್ತಾರೆ. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು ಬರಲಿ, ಮುನವಳ್ಳಿಯ ಸಂತೆಗೆ ಹೊರಟ ಟಂಟಂ ಬರಲಿ, ಹಾರ್ನಿನ ಸದ್ದು ಎಷ್ಟೇ ಕರ್ಕಶವಾಗಿರಲಿ, ಅವರು ಅಂಚಿಗೆ ಸರಿದದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಕಂಡಿಲ್ಲ. ಎಡಗಾಲನ್ನು ತುಸು ಹೊರಕ್ಕೆ ಬೀಸಿ, ಬಲಗಾಲನ್ನು ನೆಲಕ್ಕೆ ಒತ್ತಿ ಊರಿ, ಭೂಮಿಗೆ ತಮ್ಮ ಇರವನ್ನು ಹೆಜ್ಜೆಹೆಜ್ಜೆಗೂ ತಿಳಿಸುತ್ತಿರುವಂತೆ ಸಾಗುವ ಆ ನಡಿಗೆಯ ಹಿಂದೆ ವಾಹನಗಳು ಮೆರವಣಿಗೆಯ ಗಾಂಭೀರ್ಯದಿಂದ ತೆವಳುತ್ತವೆ. ಒಮ್ಮೆ ಡ್ರೈವರನೊಬ್ಬ ತಲೆ ಹೊರಹಾಕಿ, "ಏ ಆಯಿ, ರಸ್ತಾ ನಿಮ್ಮಪ್ಪಂದೇನ?" ಎಂದು ಕೂಗಿದ. ಅತ್ತೆ ನಿಂತು, ತಿರುಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಮ್ಮಪ್ಪಂದೂ ಹೌಂದ, ನಿಮ್ಮಪ್ಪಂದೂ ಹೌಂದ. ನಿಮ್ಮಪ್ಪ ಬಂದ್ರ ಸರೀತೇನಿ, ಕರಕೊಂಡ ಬಾ."

ಅವರ ಮಾತಿಗೂ ಅದೇ ನಡಿಗೆ. ಏನು ಹೇಳಿದರೂ ಕೊನೆಗೆ "ಹೌಂದೋ ಅಲ್ಲೋ?" ಎಂದು ಕೇಳುತ್ತಾರೆ; ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ "ಹೌಂದ" ಎಂದು ತಾವೇ ಉತ್ತರಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ದೀಪಾವಳಿಯಿಂದ ಹೋಳಿಹುಣ್ಣಿಮೆಯವರೆಗೆ ಇಳಕಲ್ ಸೀರೆಯ ಮೇಲೆ ತೀರಿಹೋದ ಮಾವನವರ ಕರಿ ಕೋಟು ತೊಡುತ್ತಾರೆ. ಭುಜ ಸಡಿಲ, ತೋಳು ಉದ್ದ, ಒಂದು ಗುಂಡಿ ಬೇರೆ ಬಣ್ಣದ್ದು. ಅದರ ಜೇಬಿನಲ್ಲಿ ಅಡಕೊತ್ತು, ಎಲೆಯ ಸಂಚಿ, ಮೊಮ್ಮಗನಿಗೆಂದು ಒಂದಿಷ್ಟು ಕಲ್ಲುಸಕ್ಕರೆ. ಮಗು ಅತ್ತರೆ ನಾನು ಎತ್ತಿಕೊಳ್ಳುವ ಮೊದಲೇ ಅವರ ಕೈ ಆ ಜೇಬಿಗೆ ಹೋಗಿರುತ್ತದೆ. ವರ್ಷ ತುಂಬುವವರೆಗೆ ಸಕ್ಕರೆ ಬೇಡವೆಂದು ನಾನು, ನಿನ್ನ ಗಂಡ ಇದನ್ನೇ ಚೀಪಿ ಬೆಳೆದವನೆಂದು ಅವರು. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂರುವುದು ಅತ್ತೆಯ ವ್ರತ. ಆ ಹೊತ್ತಿಗೆ ಅವರ ಮಗ್ಗುಲಲ್ಲಿ ತಾಯವ್ವ ಇರಲೇಬೇಕು. ಕೆಳಗಿನ ಓಣಿಯಲ್ಲಿ ಹೊಲಿಗೆಯ ಮಷೀನು ಇಟ್ಟುಕೊಂಡು, ಅದರ ಮೇಲಿನ ಗೋಡೆಗೆ ಬುದ್ಧನ ಪಟ ತೂಗುಹಾಕಿ, ಊರ ಅರ್ಧ ಹೆಂಗಸರ ರವಿಕೆ ಹೊಲಿಯುವ ತಾಯವ್ವನೂ ನಮ್ಮತ್ತೆಯೂ ಒಂದೇ ವರ್ಷ ಕನ್ನಡ ಶಾಲೆಗೆ ಸೇರಿದವರು. ತಾಯವ್ವನನ್ನು ಅಂದು ಬಾಗಿಲ ಬಳಿ ಬೇರೆಯಾಗಿ ಕೂರಿಸಿದರಂತೆ; ತಂಗೆವ್ವ ತಮ್ಮ ಪಾಟಿಯನ್ನು ಎತ್ತಿಕೊಂಡು ಹೋಗಿ ಆಕೆಯ ಪಕ್ಕದಲ್ಲೇ ಕೂತರಂತೆ. ಯಾಕೆಂದು ಕೇಳಿದರೆ, "ಬಾಗಲದಾಗ ಗಾಳಿ ಚೊಲೊ ಬರ್ತಿತ್ತವಾ," ಎನ್ನುವುದಷ್ಟೇ ಅವರ ವಿವರಣೆ. ಆ ಸಖ್ಯಕ್ಕೆ ಇಬ್ಬರೂ ಇದಕ್ಕಿಂತ ದೊಡ್ಡ ಹೆಸರು ಕೊಟ್ಟದ್ದನ್ನು ನಾನು ಕೇಳಿಲ್ಲ.

ಕಳೆದ ಕಾರ್ತಿಕದಲ್ಲಿ ಈ ಕಟ್ಟೆಯ ನೆತ್ತಿಯ ಮೇಲೆ ಒಂದು ಕ್ಯಾಮೆರಾ ಬಂದು ಕೂತಿತು. ನಮ್ಮ ಓಣಿಯ ಒಂದೆರಡು ಹಿತ್ತಲುಗಳಿಂದ ಗ್ಯಾಸಿನ ಸಿಲಿಂಡರು ಕಳುವಾಗಿದ್ದವು. ಯರಗಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಅಲ್ಲಿಯೇ ಮನೆ ಮಾಡಿರುವ ನನ್ನ ಭಾವ ಮಲ್ಲಿಕಾರ್ಜುನ ಆಳುಗಳನ್ನು ಕಳಿಸಿ ಅದನ್ನು ಹಾಕಿಸಿದರು. ಅದು ಕಂಡದ್ದು ಕೇಳಿದ್ದೆಲ್ಲ ಅವರ ಫೋನಿಗೂ ನನ್ನ ಫೋನಿಗೂ ಬರುವಂತಾಯಿತು; ಫೋನಿನಲ್ಲಿ ಆಡಿದ ಮಾತು ಅದರ ಬಾಯಿಂದ ಹೊರಡುವ ಸೌಕರ್ಯವೂ ಇತ್ತು. ಎದುರುಬಿಸಿಲಿನಲ್ಲಿ ಮುಖಗಳು ಕಪ್ಪಾಗದಂತೆ ಹಗಲಿನ ಬೆಳಕು ಹೊಂದಿಸುವುದು, ಕತ್ತಲಾದೊಡನೆ ಚಿತ್ರ ಕಪ್ಪುಬಿಳುಪಿಗೆ ತಿರುಗುವಂತೆ ಮಾಡುವುದು, ಓಣಿಯ ನಾಯಿ ಬೆಕ್ಕುಗಳಿಗೆಲ್ಲ ಫೋನು ಬೆಚ್ಚಿ ಕೂಗದಂತೆ ಅದರ ಚುರುಕನ್ನು ತಗ್ಗಿಸುವುದು, ಇವೆಲ್ಲ ನನ್ನ ಪಾಲಿಗೆ ಬಂದವು. ಕಾಲಿನಿಂದ ತೊಟ್ಟಿಲು ತೂಗುತ್ತ ಬೆರಳಿನಿಂದ ಆ ಕಣ್ಣಿಗೆ ಪಾಠ ಹೇಳುತ್ತಿದ್ದೆ.

ಮೊದಲ ಅಮಾವಾಸ್ಯೆಗೇ ಅವಾಂತರವಾಯಿತು. ದುಡಿಯುವ ಸಾಮಾನಿಗೆಲ್ಲ ಅಂದು ಪೂಜೆ ಸಲ್ಲಬೇಕೆಂಬುದು ಈ ಮನೆಯ ಕಟ್ಟಳೆ; ಟ್ರ್ಯಾಕ್ಟರಿಗೂ ಸರಿ, ಮಿಕ್ಸರಿಗೂ ಸರಿ. ಅತ್ತೆ ಸ್ಟೂಲು ಹತ್ತಿ, ಮೂರು ಬೆರಳು ವಿಭೂತಿಯನ್ನು ಕ್ಯಾಮೆರಾದ ಗಾಜಿನ ಮೇಲೆಯೇ ಭಕ್ತಿಯಿಂದ ಎಳೆದು, ಯಾರ ದೃಷ್ಟಿಯೂ ತಾಗದಿರಲೆಂದು ಅದರ ಮುಂದೆ ಒಂದು ಬೂದಗುಂಬಳವನ್ನೂ ಕಟ್ಟಿದರು. ಬೆಳಕಿದ್ದಷ್ಟು ಹೊತ್ತು ಚಿತ್ರ ತುಸು ಮಂಜಾಗಿತ್ತು, ಅಷ್ಟೆ. ಸಂಜೆ ಕವಿದು ಕ್ಯಾಮೆರಾ ತನ್ನ ಒಳಬೆಳಕನ್ನು ಬಿಟ್ಟಿತೋ ಇಲ್ಲವೋ, ಅದು ವಿಭೂತಿಗೆ ಬಡಿದು, ಕುಂಬಳಕ್ಕೆ ಬಡಿದು, ಅದರ ಕಣ್ಣಿಗೇ ಮರಳಿತು. ತೆರೆಯ ತುಂಬ ಬಿಳಿ ಹೊಗೆ. ನಡುವೆ ಹುಣ್ಣಿಮೆಯ ಚಂದ್ರನಂತೆ ತೂಗಾಡುವ ಕುಂಬಳಕಾಯಿ. ಅದು ತೂಗಿದಾಗಲೆಲ್ಲ ಯರಗಟ್ಟಿಯಲ್ಲಿ ಭಾವನ ಫೋನು ಕಳ್ಳ ಬಂದನೆಂದು ಕೂಗುತ್ತಿತ್ತು.

"ಶೈಲಾ, ಮನಿ ಮುಂದ ಏನ ಬೆಂಕಿ ಬಿದ್ದೈತೇನ?" ಎಂದು ಭಾವ ಫೋನು ಮಾಡಿದರು.

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಬೆಂಕಿ ಅಲ್ಲೋ, ವಿಭೂತಿ. ಅದರ ಮುಂದ ಕುಂಬಳಕಾಯಿ."

"ಯಾರರ ಕಣ್ಣಿಗೆ ವಿಭೂತಿ ಹಚ್ಚತಾರೇನಬೇ ಅವ್ವಾ?"

"ಕೆಲಸಾ ಮಾಡೂ ಸಾಮಾನಕ್ಕ ಹಚ್ಚಬೇಕ. ಹೌಂದೋ ಅಲ್ಲೋ? ಹೌಂದ. ಅದರ ಹಣಿ ಯಾವದು, ಕಣ್ಣ ಯಾವದು, ನನಗೇನ ಗೊತ್ತ? ಮಾರಿ ತುಂಬ ಕಣ್ಣ ಐತಿ ಅದಕ್ಕ."

ಮರುದಿನ ನಾನು ಮಗುವಿನ ಮೆತ್ತನೆಯ ಬಟ್ಟೆಯಿಂದ ಗಾಜನ್ನು ಒರೆಸಿ, ಕುಂಬಳವನ್ನು ಬದಿಯ ಮೊಳೆಗೆ ಸರಿಸಿ, ವಿಭೂತಿಗೆ ಕ್ಯಾಮೆರಾದ ಬೆನ್ನನ್ನು ತೋರಿಸಿಕೊಟ್ಟೆ. ಆ ಸಂಜೆ ಓಣಿ ಅದರ ತುದಿಯ ಹುಣಸೆಮರದವರೆಗೆ ನಿಚ್ಚಳವಾಗಿ ಕಂಡಿತು. ಅತ್ತೆ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿ, "ಚೊಲೊ ದುಡೀತೈತಿ," ಎಂದು ಮೆಚ್ಚಿದರು.

ಆದರೆ ಕಳ್ಳರನ್ನು ಕಾಯಲು ಬಂದ ಕಣ್ಣಿಗೆ ಹಗಲಿನಲ್ಲಿ ಕಳ್ಳರು ಸಿಗಲಿಲ್ಲ, ಸಿಕ್ಕಿದ್ದು ಕಟ್ಟೆ. ಒಂದು ಮಧ್ಯಾಹ್ನ ನಾನು ಹೊಸ್ತಿಲಲ್ಲಿ ಕಾಲು ಚಾಚಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ತಾಯವ್ವ ಅತ್ತೆಯ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದರು. ಎದುರುಮನೆಯ ಗುರವ್ವ ಕೊಡ ಹಿಡಿದು ಹೋಗುತ್ತಿದ್ದಳು. ಇದ್ದಕ್ಕಿದ್ದಂತೆ ನಮ್ಮ ನೆತ್ತಿಯ ಮೇಲಿಂದ, ಆ ಯಂತ್ರದ ಗಂಟಲಿನಿಂದ, ಭಾವನ ದನಿ ಕೇಳಿತು.

"ಅವ್ವಾ, ಆಕೀನ ಯಾಕ ಕುಂದರಸ್ಕೊಂಡಿ ಕಟ್ಟಿ ಮ್ಯಾಲ? ಹೋಗೂ ಬರೂ ಮಂದಿ ನೋಡ್ತಾರ. ನಾಕ ಮಂದಿ ನನಗ ಕೇಳ್ತಾರ. ಒಳಗ ನಡಿ."

ಅಡಕೊತ್ತು ನಿಂತಿತು. ಕತ್ತರಿಸಿದ ಅಡಿಕೆಯನ್ನು ತಾಯವ್ವ ಸಂಚಿಯ ಮೇಲೆ ಮೆಲ್ಲನೆ ಇಟ್ಟು, ಸೆರಗು ಕೊಡವಿ, ಕಲ್ಲಿಗೆ ಅಂಗೈ ಊರಿದರು. "ಬರತೇನಿ ತಂಗಿ. ಹೊಲಿಯೂದ ಬಾಳ ಐತಿ."

ಅತ್ತೆ ಆ ಮುಂಗೈಯನ್ನು ಹಿಡಿದುಕೊಂಡೇ ಮೇಲಕ್ಕೆ ನೋಡಿದರು. "ಯಾರೋ ಅದು, ಮ್ಯಾಲಿಂದ ಮಾತಾಡಾಂವ? ಹೆಸರ ಹೇಳಿ ಮಾತಾಡ."

"ನಾನಬೇ, ಮಲ್ಲು."

"ನನ್ನ ಮಗಾ ಮಲ್ಲು ಬಾಗಲದಾಗ ನಿಂತ ಮಾತಾಡ್ತಾನ. ಗ್ವಾಡಿ ಮ್ಯಾಲ ಕುಂತ ಲೊಚಗುಟ್ಟೂದು ಹಲ್ಲಿ. ಇನ್ನೊಂದ ಕೇಳ. ಆಕಿ ಅಲ್ಲ, ತಾಯವ್ವ. ನೀ ಕೂಸಿದ್ದಾಗ ತೊಟ್ಟ ಕುಂಚಿಗಿ ಹೊಲದಾಕಿ."

ಗುರವ್ವ ಕಿಸಕ್ಕೆಂದು ನಕ್ಕಳು. ಆದರೆ ಮರುದಿನ ತಾಯವ್ವ ಬರಲಿಲ್ಲ; ಅದರ ಮರುದಿನವೂ ಬರಲಿಲ್ಲ. ಅತ್ತೆ ಕೋಟು ತೊಟ್ಟು ಕೆಳಗಿನ ಓಣಿಗೆ ಹೋದರು, ಮಗುವನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ತಾಯವ್ವ ಮಷೀನಿನಿಂದ ತಲೆ ಎತ್ತದೆ ಹೇಳಿದರು: "ನನ್ನ ಸಲುವಾಗಿ ತಾಯಿ ಮಗಾ ಕಡದ್ಯಾಡೂದ ಬ್ಯಾಡ ತಂಗಿ. ಈ ವಯಸ್ಸಿನಾಗ ನನಗೂ ಕೇಳಿಸ್ಕೊಳ್ಳೂದ ಆಗೂದಿಲ್ಲ."

"ನಿನ್ನ ಸಲುವಾಗಿ ಯಾರ ಕಡದ್ಯಾಡ್ತಾರ? ನನ್ನ ಕಟ್ಟಿ ಸಲುವಾಗಿ ಕಡದ್ಯಾಡ್ತೇನಿ," ಎಂದರು ಅತ್ತೆ.

ಮನೆಗೆ ಬಂದವರೇ, "ಶೈಲಾ, ಹಗಲ ಅದರ ಕಣ್ಣ ಮುಚ್ಚ, ಬಾಯಿ ಮುಚ್ಚ. ರಾತ್ರಿ ಎರಡೂ ತೆರಿ. ಬರ್ತೈತಿಲ್ಲೊ ನಿನಗ?" ಎಂದರು.

ಬರುತ್ತಿತ್ತು. ಕಟ್ಟೆಯ ಭಾಗ ಹಗಲಿನಲ್ಲಿ ಕಾಣದಂತೆ ಚಿತ್ರದ ಮೇಲೆ ಕಪ್ಪು ಪಟ್ಟಿ ಎಳೆದೆ. ದೀಪ ಹಚ್ಚುವ ಹೊತ್ತಿನವರೆಗೆ ದನಿ ಮುಚ್ಚಿದೆ. ಸಂಜೆಯೊಳಗೆ ಭಾವ ತಮ್ಮ ಫೋನಿನಿಂದ ಎಲ್ಲವನ್ನೂ ತೆರೆದಿದ್ದರು. ನಾನು ಮತ್ತೆ ಮುಚ್ಚಿದೆ, ಅವರು ಮತ್ತೆ ತೆರೆದರು. ಇದು ನಾಲ್ಕಾರು ದಿನ ನಡೆದಾಗ ಅತ್ತೆ, "ನಿಮ್ಮ ಫೋನಿನ ಕುಸ್ತಿ ಸಾಕ," ಎಂದು ಟ್ರಂಕು ತೆರೆದರು. ಮೊಮ್ಮಗನಿಗೆ ಚಿಕ್ಕದಾಗಿದ್ದ, ರವಿಕೆಯ ಖಣದ ತುಣುಕುಗಳನ್ನು ಕೂಡಿಸಿ ತಾಯವ್ವ ಹೊಲಿದುಕೊಟ್ಟಿದ್ದ, ತಲೆಯಿಂದ ಬೆನ್ನವರೆಗೆ ಇಳಿಯುವ ಕುಂಚಿಗಿಯೊಂದನ್ನು ತೆಗೆದು, ಸ್ಟೂಲು ಹತ್ತಿ, ಕ್ಯಾಮೆರಾಕ್ಕೆ ತೊಡಿಸಿ, ಗದ್ದದ ಕೆಳಗೆ ಕಟ್ಟುವಂತೆ ದಾರಗಳನ್ನು ನೀಟಾಗಿ ಕಟ್ಟಿದರು.

ಅಂದಿನಿಂದ ಅಂಗಳಕ್ಕೆ ನೀರು ಹೊಡೆದ ಮೇಲೆ ಕುಂಚಿಗಿ ತೊಡಿಸುವುದು, ದೀಪ ಹಚ್ಚಿ ಕುಂಚಿಗಿ ತೆಗೆಯುವುದು ಅವರ ನಿತ್ಯವಿಧಿ. ಬಟ್ಟೆಯೊಳಗಿನ ಕತ್ತಲನ್ನು ರಾತ್ರಿಯೆಂದು ನಂಬಿದ ಕ್ಯಾಮೆರಾ ಹಾಡಹಗಲೇ ತನ್ನ ಕೆಂಪು ಚುಕ್ಕೆಗಳನ್ನು ಹೊತ್ತಿಸಿಕೊಂಡು, ಖಣದ ನೇಯ್ಗೆಯನ್ನು ಎಳೆ ಎಳೆಯಾಗಿ ಯರಗಟ್ಟಿಗೆ ಕಳಿಸುತ್ತಿತ್ತು.

"ಅವ್ವಾ, ಹಗಲ ಏನೂ ಕಾಣವಲ್ದು."

"ಹಗಲ ಏನ ನೋಡಾಂವ ನೀ? ಹಗಲ ಓಣಿ ತುಂಬ ನಾವ ಇರ್ತೇವಿ, ನಾವ ಕಾಯ್ತೇವಿ. ರಾತ್ರಿ ನಾವ ಮಲಗತೇವಿ, ಅದು ಕಾಯಲಿ. ಪಾಳಿ ಅಂದ್ರ ಪಾಳಿ. ಹೌಂದೋ ಅಲ್ಲೋ? ಹೌಂದ."

ನನ್ನ ಗಂಡ ವಿಜಯ ಅಂಜುತ್ತ, "ಅಣ್ಣಗ ಸಿಟ್ಟ ಬರ್ತೈತಿ ಅವ್ವಾ," ಎಂದರೆ, "ಬರಲಿ. ಬಂದ್ರ ಚಾ ಕೊಡೂಣು," ಎಂದರು.

ಕ್ಯಾಮೆರಾ ಕುಂಚಿಗಿ ತೊಟ್ಟ ಸುದ್ದಿ ಗುರವ್ವನ ಬಾಯಿಂದ ಕೆಳಗಿನ ಓಣಿಗೆ ಮುಟ್ಟಿತು. ಒಂದು ಮಧ್ಯಾಹ್ನ ತಾಯವ್ವ ಸೂಜಿದಾರ ಹಿಡಿದು ಬಂದು ಅಂಗಳದಲ್ಲಿ ನಿಂತರು. "ಕುಂಚಿಗಿ ಹೊಲಿಗಿ ಬಿಟ್ಟೀತಂತ ನೋಡಾಕ ಬಂದೇನಿ, ಕುಂದ್ರಾಕಲ್ಲ," ಎಂದರು. "ಕುಂದ್ರಂತ ಅಂದವರ್ಯಾರ? ಕುಂತ ನೋಡ," ಎಂದು ಅತ್ತೆ ಸರಿದು ಜಾಗ ಕೊಟ್ಟರು. ತಾಯವ್ವ ಕೂತು ಇನ್ನೂ ಸೂಜಿಗೆ ದಾರ ಪೋಣಿಸಿರಲಿಲ್ಲ, ಅಷ್ಟರಲ್ಲಿ ಭಾವನ ಮೋಟಾರ್ ಸೈಕಲ್ಲು ಅಂಗಳಕ್ಕೆ ಬಂತು.

ಭಾವ ಕುಂಚಿಗಿಯನ್ನು ನೋಡಿದರು, ಕಟ್ಟೆಯನ್ನು ನೋಡಿದರು. "ಇದನ್ನ ಕಿತ್ತ ಒಗೀತೇನಿ ಇವತ್ತ," ಎಂದರು.

"ಒಗೀಬ್ಯಾಡ. ರಾತ್ರಿ ಅದರ ಕೆಲಸ ಐತಿ," ಎಂದರು ಅತ್ತೆ, ಕೂತಲ್ಲಿಂದ ಏಳದೆ. "ನಿನಗ ಹೇಳೂದಿದ್ರ ಹೇಳ. ತಾಯವ್ವ ಇಲ್ಲೇ ಅದಾಳ. ಯರಗಟ್ಟಿಯಿಂದ ಅಂದ್ಯಲ್ಲ, ಅದ ಮಾತ ಆಕಿ ಮಾರಿ ನೋಡಿ ಅನ್ನ."

ತಾಯವ್ವನ ಅಂಗೈ ಮತ್ತೆ ಕಲ್ಲಿಗೆ ಊರಿತ್ತು, ಏಳಲು ಸಿದ್ಧವಾಗಿ. ಈ ಸಲ ಅತ್ತೆ ಹಿಡಿಯಲಿಲ್ಲ. ತಮ್ಮ ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಭಾವ ತಾಯವ್ವನ ಮುಖ ಬಿಟ್ಟು ಕುಂಚಿಗಿಯ ದಾರಗಳತ್ತ ಕಣ್ಣು ಹೊರಳಿಸಿದರು. ಮಗುವನ್ನು ಎದೆಗವಚಿಕೊಂಡು ನಾನು ಆ ಅಂಗೈಯನ್ನೇ ನೋಡುತ್ತಿದ್ದೆ. ಅದು ಕಲ್ಲನ್ನು ಬಿಟ್ಟು ಮೇಲೆದ್ದು ಅಡಕೊತ್ತನ್ನು ಎತ್ತಿಕೊಂಡಿತು.

"ಬಿಸಲಾಗ ಬಂದಿ ತಮ್ಮಾ," ಎಂದರು ತಾಯವ್ವ. "ಶೈಲವ್ವಾ, ಮಲ್ಲಣ್ಣಗ ನೀರ ಕೊಡ."

ಭಾವ ನೀರನ್ನು ನಿಂತೇ ಕುಡಿದರು. ಕಟ್ಟೆಯ ಮೇಲೆ ಕೂರಲಿಲ್ಲ. ಮನಸ್ಸು ಬದಲಾಯಿತೆಂದು ನಾನು ಸುಳ್ಳು ಹೇಳಲಾರೆ. ಹೊರಡುವಾಗ ಮಾತ್ರ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ನಿಮ್ಮತ್ತಿ ಹೇಳಿದಂಗ ಹೊಂದಸ. ಇನ್ನ ನಾ ಮುಟ್ಟೂದಿಲ್ಲ," ಎಂದರು. ಹಗಲಿಗೆ ಕಟ್ಟೆಯ ಮೇಲೆ ಕಪ್ಪು ಪಟ್ಟಿ, ಬಾಯಿಗೆ ಬೀಗ. ಇರುಳಿಗೆ ಇಡೀ ಓಣಿ. ಅವರೆದುರೇ ಹೊಂದಿಸಿ ಕೊಟ್ಟೆ. ಕುಂಚಿಗಿ ಟ್ರಂಕಿಗೆ ಮರಳಿತು; ಹೊಂದಿಸಿದ್ದು ಇಂದಿಗೂ ಹಾಗೆಯೇ ಇದೆ.

ತಂಗೆವ್ವನಂಥವರನ್ನು ಹಟಮಾರಿಗಳೆಂದು ಕರೆದು ಲೋಕ ಸುಲಭವಾಗಿ ಕೈತೊಳೆದುಕೊಳ್ಳುತ್ತದೆ. ಹೊಸತೆಂದರೆ ಹೆದರಿ ಕದ ಹಾಕುವವರುಂಟು, ಬಂದದ್ದಕ್ಕೆಲ್ಲ ತಲೆಬಾಗುವವರೂ ಉಂಟು. ಇವರು ಅದನ್ನು ಅಂಗಳದಲ್ಲೇ ನಿಲ್ಲಿಸಿ, ನಿನ್ನ ಕೆಲಸವೇನು, ಎಷ್ಟು ಹೊತ್ತಿನದು, ಯಾರ ಪರವಾಗಿ ಬಂದೆ ಎಂದು ವಿಚಾರಿಸಿ ಆಮೇಲೆ ಜಾಗ ತೋರಿಸುತ್ತಾರೆ. ಯಂತ್ರಕ್ಕೂ ಅದೇ ಪ್ರಶ್ನೆ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಅದೇ ಪ್ರಶ್ನೆ. ಅವರೊಡನೆ ಬಾಳುವುದು ಕಷ್ಟ. ನಾನು ಬಾಳುತ್ತಿದ್ದೇನೆ, ಬಲ್ಲೆ. ಆದರೆ ಅಂಥವರೊಬ್ಬರು ಕದಲದೆ ಕೂತಿರುವಷ್ಟು ಕಾಲ, ಆ ಓಣಿಯಲ್ಲಿ ಮತ್ತೊಬ್ಬರು ಎದ್ದು ಹೋಗಬೇಕಾಗಿಲ್ಲ.