ಹಡಗಿನವನ ಹುಲ್ಲುಹಾಸು

ಆ ಬೀದಿಯ ನಲ್ಲಿಗಳಲ್ಲಿ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ, ಅದೂ ಒಂದೂವರೆ ಗಂಟೆ. ಕೊನೆಯ ಮನೆಯ ಕಂಡಕ್ಟರಮ್ಮ ಅಷ್ಟರಲ್ಲಿ ಎರಡು ಡ್ರಮ್ಮು, ಏಳು ಕೊಡ, ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಪಾತ್ರೆಗಳನ್ನೆಲ್ಲ ತುಂಬಿಸಿಕೊಳ್ಳುತ್ತಿದ್ದಳು. ಆಮೇಲೆ ಅದರಲ್ಲಿ ಅರ್ಧಕ್ಕರ್ಧ ಒಯ್ದು ಮನೆಮುಂದಿನ ಹುಲ್ಲಿಗೆ ಸುರಿಯುತ್ತಿದ್ದಳು.

ನೋಡುವವರಿಗೆ ಇದು ಹುಚ್ಚಿನಂತೆ ಕಾಣುತ್ತಿತ್ತು. ಅವಳಿಗೆ ಅವಳದೇ ಕಾರಣವಿತ್ತು. ಗಂಡ ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್. ಒಮ್ಮೆ ಹೋದನೆಂದರೆ ಒಂಬತ್ತು ತಿಂಗಳು ಮುಖ ಕಾಣುವಂತಿರಲಿಲ್ಲ. ಮದುವೆಯಾದ ವರ್ಷ ರಜೆಗೆ ಬಂದವನು ಮಂಡಿಯೂರಿ ಕೂತು, ಹುಲ್ಲಿನ ಚೌಕಗಳನ್ನು ಒಂದಕ್ಕೊಂದು ಹೊಂದಿಸಿ ತಾನೇ ಹಾಸಿದ್ದ. ಅಂಚಿಗೆ ಹನ್ನೊಂದು ಗುಲಾಬಿ ನೆಟ್ಟಿದ್ದ. ಹೊರಡುವ ಹಿಂದಿನ ಸಂಜೆ ಇಬ್ಬರೂ ಅಲ್ಲೇ ಕೂತಿದ್ದರು. ಕಬ್ಬಿಣದ ಮೇಲೆ ನಡೆದೂ ನಡೆದೂ ಕಾಲಿಗೆ ನೆಲವೇ ಮರೆತುಹೋಗುತ್ತದೆ, ಬಂದವನೇ ಮೊದಲು ಇಲ್ಲಿ ಬರಿಗಾಲಲ್ಲಿ ನಿಲ್ಲುತ್ತೇನೆ ಎಂದಿದ್ದ.

ಅಂದಿನಿಂದ ಭಾನುವಾರ ಬೆಳಿಗ್ಗೆ ಫೋನು ಬಂದಾಗಲೆಲ್ಲ ಎರಡು ಪ್ರಶ್ನೆ ತಪ್ಪುತ್ತಿರಲಿಲ್ಲ. ಅಮ್ಮನ ಮಂಡಿನೋವು ಹೇಗಿದೆ? ಹುಲ್ಲು ಹೇಗಿದೆ?

"ಹಸಿರಾಗಿದೆ," ಅನ್ನುತ್ತಿದ್ದಳು ಅವಳು.

ಮೊದಲೆರಡು ವರ್ಷ ಅದು ನಿಜ. ಈ ವರ್ಷ ಶುದ್ಧ ಸುಳ್ಳು. ಬಿಸಿಲಿಗೆ ಹುಲ್ಲು ಸುಟ್ಟು ಬೊಕ್ಕತಲೆಯಂತಾಗಿತ್ತು. ಗುಲಾಬಿಗಳಲ್ಲಿ ಏಳು ಒಣಗಿದ್ದವು. ಬೆಳಗಿನ ಮೊದಲ ಟ್ರಿಪ್ಪಿಗೆ ಹೋಗಿ, ನಿಂತ ಕಾಲಲ್ಲಿ ಎಂಟು ಗಂಟೆ ಟಿಕೆಟ್ ಹರಿದು ಬಂದವಳು ಚೀಲ ಇಳಿಸುವ ಮೊದಲೇ ಉಳಿದ ನಾಲ್ಕು ಗಿಡಗಳನ್ನು ಮುಟ್ಟಿ ನೋಡುತ್ತಿದ್ದಳು. ಅವು ಬದುಕಿದ್ದರೆ ಅವನು ಹತ್ತಿರದಲ್ಲೇ ಇದ್ದಾನೆ ಅನ್ನಿಸುತ್ತಿತ್ತು.

ಪಕ್ಕದ ಮನೆಯಲ್ಲಿದ್ದವಳು ಮಾಲಿ ಅಕ್ಕ. ಊರ ದೊಡ್ಡ ಉದ್ಯಾನದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಅವಳು ಎರಡು ಸಲ ಬೇಲಿಯಾಚೆಯಿಂದ ಹೇಳಿ ನೋಡಿದ್ದಳು. ನಾವೂ ಮೊದಲು ಟ್ಯಾಂಕರ್‌ಗಟ್ಟಲೆ ನೀರು ಹುಲ್ಲಿಗೇ ಸುರೀತಿದ್ದೆವು, ಈಗ ಮಕ್ಕಳು ಆಡುವ ಜಾಗದಲ್ಲಿ ಮಾತ್ರ ಹುಲ್ಲು ಉಳಿಸಿಕೊಂಡಿದ್ದೇವೆ, ತೋಟ ಮಾಡುವ ರೀತಿಯೇ ಬದಲಾಗಿದೆ ಎಂದಿದ್ದಳು. ಕಂಡಕ್ಟರಮ್ಮ ನಕ್ಕು ಒಳಗೆ ಹೋಗಿದ್ದಳು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದಾಗ ಮನೆಗೆ ಬೀಗ ಹಾಕಿತ್ತು. ಅತ್ತೆ, ಸ್ನಾನದ ನೀರನ್ನು ಹಾಳು ಮಾಡುವುದೇಕೆಂದು ಬಕೆಟ್ಟಿನಲ್ಲಿ ಹಿಡಿದು ಮಗನ ಹುಲ್ಲಿಗೆ ಹಾಕಲು ಹೊರಟು, ಮೆಟ್ಟಿಲ ಮೇಲೆ ಜಾರಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು. ಮಾಲಿ ಅಕ್ಕನೇ ಆಸ್ಪತ್ರೆಗೆ ಕರೆದೊಯ್ದಿದ್ದಳು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅತ್ತೆ ಸೊಸೆಯನ್ನು ನೋಡಿ ಮೊದಲು ಆಡಿದ ಮಾತು, "ಅವನಿಗೆ ಹೇಳ್ಬೇಡಮ್ಮ."

ಅದಾಗಿ ಒಂಬತ್ತನೇ ದಿನಕ್ಕೆ ಮಳೆ ಬಂತು. ಬಂತು ಅಂದರೆ, ತಿಂಗಳಿಡೀ ಸುರಿಯಬೇಕಾದದ್ದು ಒಂದೇ ಸಂಜೆ ಸುರಿಯಿತು. ನೆಲ ಹೆಂಚಿನ ಹಾಗೆ ಗಟ್ಟಿಯಾಗಿತ್ತು. ಹನಿಯೂ ಇಂಗಲಿಲ್ಲ. ಮಾಡಿನ ನೀರು, ಅಂಗಳದ ನೀರು ಎಲ್ಲ ಸೇರಿ ಹೊಸ್ತಿಲು ದಾಟಿ ಒಳಗೇ ನುಗ್ಗಿತು. ಅತ್ತೆ ಒಂದೇ ಕೈಯಲ್ಲಿ ಹಾಸಿಗೆ ಎತ್ತಲು ಹೆಣಗುತ್ತಿದ್ದರು. ವರ್ಷವೆಲ್ಲ ನೀರಿಲ್ಲ ಅಂತ ಅತ್ತ ಮನೆಯಲ್ಲಿ ಈಗ ಮೊಣಕಾಲುದ್ದ ನೀರು. ಕಂಡಕ್ಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ಕೆಸರು ಬಳಿಯುವಾಗ ಮಾಲಿ ಅಕ್ಕನೂ ಪೊರಕೆ ಹಿಡಿದು ಬಂದಳು. ಈ ಸಲ ಮಾತು ತೆಗೆದವಳು ಕಂಡಕ್ಟರಮ್ಮನೇ.

"ಅಕ್ಕ, ಅವರು ಬಿಟ್ಟುಹೋದ ಹಾಗೇ ಇರ್ಲಿ ಅಂತ ಆಸೆ, ಅಷ್ಟೆ."

"ನೀನು ಅವ್ನು ಬಿಟ್ಟುಹೋದ ಹಾಗೇ ಇದ್ದೀಯಾ?" ಮಾಲಿ ಅಕ್ಕ ಅವಳ ಕಿವಿಯ ಪಕ್ಕದ ನರೆಗೂದಲನ್ನು ನೋಡುತ್ತ ಅಂದಳು. "ಬಿಸಿಲು ಬದಲಾಯ್ತು, ಮಳೆ ಬದಲಾಯ್ತು. ತೋಟ ಒಂದೇ ಹಟ ಹಿಡಿದು ಕೂತ್ರೆ ಹೇಗೆ? ನಿನ್ನ ಬಸ್ಸಲ್ಲಿ ಎಲ್ರೂ ಒಂದೇ ಸ್ಟಾಪಿಗೆ ಟಿಕೆಟ್ ತಗೊಂಡಿದ್ರೆ, ಆ ಸ್ಟಾಪ್ ಬಂದ್ಮೇಲೆ ಬಸ್ ಖಾಲಿ. ಒಂದೇ ಥರದ ಹುಲ್ಲು ಹಾಸಿದ್ರೂ ಹಾಗೇ, ಒಟ್ಟಿಗೇ ಸಾಯುತ್ತೆ."

ಹಾಗೆ ಕೆಲಸ ಶುರುವಾಯಿತು. ಸತ್ತ ಹುಲ್ಲನ್ನು ಸುಲಿದು ತೆಗೆದರು. ಬಾಗಿಲ ಹತ್ತಿರ ಮಾತ್ರ, ನೆರಳು ಬೀಳುವ ಕಡೆ, ಎರಡು ಚಾಪೆಯಷ್ಟು ಉಳಿಸಿದರು. ಗಟ್ಟಿಯಾಗಿದ್ದ ನೆಲವನ್ನು ಅಗೆದು ಸಡಿಲ ಮಾಡಿ ಗೊಬ್ಬರ ಬೆರೆಸಿದರು. ಗೋಡೆಯಿಂದ ಹತ್ತು ಅಡಿ ಆಚೆ, ತಟ್ಟೆಯಂಥ ಆಳವಿಲ್ಲದ ಒಂದು ಗುಂಡಿ ತೋಡಿ, ಮಾಡಿನ ನೀರು ಹರಿದು ಅದಕ್ಕೇ ಬೀಳುವಂತೆ ಕಾಲುವೆ ಮಾಡಿದರು. ಗುಂಡಿ ಕಂಡು ಅತ್ತೆ ಸುಮ್ಮನಿರಲಿಲ್ಲ. ಸೊಳ್ಳೆಗೆ ಮನೆ ಕಟ್ಟಿಕೊಡ್ತಿದ್ದೀರಿ ಎಂದು ಗೊಣಗಿದರು. ನೀರು ಒಂದು ದಿನದೊಳಗೆ ಇಂಗಲೇಬೇಕು, ನಿಂತರೆ ತಳ ಕೆದಕಿ ಜಲ್ಲಿ ಸೇರಿಸಬೇಕು ಎಂದಳು ಮಾಲಿ ಅಕ್ಕ. ಮುಂದಿನ ಮಳೆಗೆ ಅತ್ತೆ ಕುರ್ಚಿ ಹಾಕಿಕೊಂಡು ಕಾದು ಕೂತರು. ಮರುದಿನ ಹೊತ್ತೇರುವಷ್ಟರಲ್ಲಿ ಗುಂಡಿ ಬರಿದಾಗಿತ್ತು. ಹೊಸ್ತಿಲೂ ಒಣಗಿತ್ತು. ಆಮೇಲೆ ಅವರು ಸೊಳ್ಳೆಯ ಮಾತೆತ್ತಲಿಲ್ಲ.

ಗುಂಡಿಯೊಳಗೆ ನೀರನ್ನೂ ಬರವನ್ನೂ ತಾಳಿಕೊಳ್ಳುವ ಲಾವಂಚ, ಅಂಚಿಗೆ ಕಾಬಾಳೆ, ಬಿಸಿಲು ಬಡಿಯುವ ಕಡೆ ಲೋಳೆಸರ, ನಿತ್ಯಪುಷ್ಪ, ದಾಸವಾಳ, ಸಂಜೆ ಬಿಸಿಲು ನೇರ ಗೋಡೆಗೆ ಬೀಳುವಲ್ಲಿ ಒಂದು ಬೇವಿನ ಸಸಿ. ಎಲ್ಲವೂ ಬೇರೆ ಬೇರೆ ಆಳಕ್ಕೆ ಬೇರು ಬಿಡುವಂಥವು. ಬುಡಕ್ಕೆಲ್ಲ ಒಣ ಎಲೆಯ ದಪ್ಪ ಹೊದಿಕೆ. ದಾರಿಗೆ ಸಿಮೆಂಟ್ ಹಾಕದೆ ಒಡೆದ ಇಟ್ಟಿಗೆ ಹರಡಿದರು. ಮೊದಲ ವರ್ಷ ಬೇರು ಹಿಡಿಯುವ ತನಕ ನೀರು ಕೊಡಲೇಬೇಕಿತ್ತು. ಅದಕ್ಕೆ ತರಕಾರಿ ತೊಳೆದ ನೀರೇ ಸಾಕಾಗುತ್ತಿತ್ತು. ಉಳಿದ ನಾಲ್ಕು ಗುಲಾಬಿಯನ್ನು ಕೀಳಲು ಕಂಡಕ್ಟರಮ್ಮನಿಗೆ ಮನಸ್ಸು ಬರಲಿಲ್ಲ. ಮಾಲಿ ಅಕ್ಕನೂ ಬಲವಂತ ಮಾಡಲಿಲ್ಲ. ಅವುಗಳಲ್ಲಿ ಎರಡು ಹೋದವು, ಎರಡು ಚಿಗುರಿದವು.

ಐದು ಭಾನುವಾರ ಅವಳು ಫೋನಿನಲ್ಲಿ "ಹಸಿರಾಗಿದೆ" ಅಂದೇ ದಾಟಿಸಿದಳು. ಮಾತೇನೋ ಈಗ ಸುಳ್ಳಲ್ಲ. ಆದರೂ ಪೂರ್ತಿ ನಿಜವೂ ಅಲ್ಲ. ಆರನೇ ಭಾನುವಾರ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಒಣಗಿದ ಹುಲ್ಲು, ಅಮ್ಮನ ಕೈ, ಒಳಗೆ ನುಗ್ಗಿದ ನೀರು, ಗುಂಡಿ, ಎಲ್ಲವನ್ನೂ. ಆ ಕಡೆಯಿಂದ ಎಂಜಿನ್ನಿನ ಗುಡುಗುಡು ಕೇಳುತ್ತಿತ್ತು.

"ಅಮ್ಮನ ಕೈ ಈಗ ಹೇಗಿದೆ?" ಅಂದ ಅವನು. ವಾಸಿಯಾಗಿದೆ ಎಂದಳು. ಆಮೇಲೆ ಅವನೇ ಹುಲ್ಲಿನ ಮಾತೆತ್ತಿದ.

"ನಾನು ಹುಲ್ಲಿನ ವಿಷ್ಯ ಕೇಳ್ತಿದ್ದದ್ದು, ಬೇರೇನ್ ಕೇಳ್ಬೇಕು ಅಂತ ಗೊತ್ತಾಗ್ದೆ. ನೀನು ಹೇಗಿದ್ದೀಯಾ ಅಂದ್ರೆ ಚೆನ್ನಾಗಿದ್ದೀನಿ ಅಂತೀಯ, ಅಲ್ಲಿಗೆ ಮಾತು ಮುಗಿದೋಗುತ್ತೆ. ಹುಲ್ಲು ಅಂದ್ರೆ ಇನ್ನೆರಡು ಮಾತು ಆಡ್ತೀಯ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನು ಕೇಳಿದ, ತಾನು ಮನೆಗೆ ಬರುವ ಹೊತ್ತಿಗೆ ಯಾವ ಗಿಡ ಹೂ ಬಿಟ್ಟಿರುತ್ತದೆ ಎಂದು. ಅದು ಅವಳಿಗೆ ಗೊತ್ತಿರಲಿಲ್ಲ. ಫೋನು ಹಿಡಿದುಕೊಂಡೇ ಬೇಲಿಯ ತನಕ ಹೋಗಿ ಮಾಲಿ ಅಕ್ಕನನ್ನು ಕೂಗಿದಳು. ಅವನು ಬರುವುದಕ್ಕೆ ಇನ್ನೂ ನಾಲ್ಕು ತಿಂಗಳು ಹದಿನೇಳು ದಿನ ಬಾಕಿ ಇತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಮುಂದೆಯೂ ಯಾರದೋ ನೆನಪಿಗೆಂದು ಬೆಳೆಸಿದ ಹಸಿರು ಇರಬಹುದು. ಅದು ಒಣಗುತ್ತಿದ್ದರೆ ಕೊಡಗಟ್ಟಲೆ ಕುಡಿಯುವ ನೀರು ಸುರಿದು ಸೋಲಬೇಡಿ. ಈ ಮಳೆಗಾಲಕ್ಕೆ ಮೊದಲು ಚಾಪೆಯಷ್ಟು ಜಾಗದಿಂದಲೇ ಶುರು ಮಾಡಿ. ನೆಲ ಸಡಿಲಿಸಿ, ಮಾಡಿನ ನೀರಿಗೆ ಇಂಗುವ ದಾರಿ ಕೊಡಿ, ನಿಮ್ಮ ಮಣ್ಣಿಗೆ ಒಗ್ಗುವ ನಾಲ್ಕಾರು ಬಗೆಯ ಗಿಡ ನೆಡಿ, ಬಿದ್ದ ಎಲೆಯನ್ನು ಸುಡದೆ ಬುಡಕ್ಕೆ ಹೊದಿಸಿ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳಿ. ದೂರ ಹೋದವರು ಎಂದೋ ಒಂದು ದಿನ ಗೇಟು ತೆಗೆದು ಒಳಗೆ ಬರುತ್ತಾರೆ. ಅವತ್ತು ಅಲ್ಲಿ ಜೀವವಿರುವುದು ಏನಾದರೂ ಇರಲಿ.