ಮಡುವಿಗೆ ಹಾಕಿದ ಕತ್ತಿ

"ಇದೇನ್ಲಾ, ಕತ್ತಿಯೋ ಇಲ್ಲಾ ನಿಮ್ಮವ್ವನ ಜಡೆಯೋ?"

ಸೆಗೋಮಾರ ಒಡೆಯ ರಥದಿಂದ ಇಳಿಯಲೂ ಇಲ್ಲ, ನಿಂತಲ್ಲಿಂದಲೇ ಬೀಸಿದ. ಸೊಟ್ಟಗಾದ ಕತ್ತಿ ನನ್ನ ಗಂಡ ಅತೆಪನ ಕೆನ್ನೆಗೆ ಬಡಿದು, ಕುಲುಮೆಯ ಮುಂದಿನ ಕಿಟ್ಟದ ಗುಡ್ಡೆಯ ಮೇಲೆ ಬಿತ್ತು. ಕೆನ್ನೆ ಹರಿದು ರಕ್ತ ಗಡ್ಡಕ್ಕಿಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಒಡೆಯರ ಮುಂದೆ ಕೈ ಎತ್ತುವುದು, ಮುಖ ಒರೆಸಿಕೊಳ್ಳುವುದಕ್ಕೇ ಆದರೂ, ನಮ್ಮ ಕುಲುಮೆ ಹಟ್ಟಿಯಲ್ಲಿ ರೂಢಿಯಿಲ್ಲ.

"ರೋಮಿನವ್ರ ಗುರಾಣಿಗೆ ಒಂದೇಟು ಬಿದ್ದೇಟ್ಗೆ ಬಗ್ಗೋಯ್ತದಲ್ಲಲಾ ಬೋಳಿಮಗನೇ! ನಲವತ್ತು ಕಾಲಾಳು ಹೊಳೆದಂಡೇಲಿ ಬಿದ್ದವ್ರೆ. ನಗಾಡ್ತಿದ್ರು ಕಣಲಾ ಆ ಕುಳ್ಳ ಬಡ್ಡೆತ್ತವು, ನಗಾಡ್ಕಂಡೇ ತಿವಿದ್ರು!"

ಆ ನಲವತ್ತರಲ್ಲಿ ನನ್ನ ತಮ್ಮ ಲೋಸಿಯನೂ ಒಬ್ಬ. ಬದುಕಿ ಬಂದವರು ಹೇಳಿದ್ದರು. ಇಸಾರ ಹೊಳೆಯ ದಂಡೆಯಲ್ಲಿ ಮೊದಲ ಏಟಿಗೇ ಅವನ ಕತ್ತಿ ಬಾಗಿತಂತೆ. ಅದನ್ನು ನೆಲಕ್ಕೂರಿ, ಕಾಲಲ್ಲಿ ಮೆಟ್ಟಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದನಂತೆ. ತಲೆ ತಗ್ಗಿಸಿದ್ದವನ ಕುತ್ತಿಗೆಗೆ ರೋಮಿನವನು ಗಿಡ್ಡ ಕತ್ತಿ ಇಳಿಸಿದನಂತೆ. ಒಡೆಯ ಮಾತ್ರ ರಥ ತಿರುಗಿಸಿಕೊಂಡು ಬಂದಿದ್ದ. ಅವನ ಕೊರಳಿನ ಚಿನ್ನದ ಕಂಠಿ ಒಂದು ಚೂರೂ ಮುಕ್ಕಾಗಿರಲಿಲ್ಲ.

"ಬುದ್ಧಿ, ಅದು ಮೆತ್ತನ್ ಕಬ್ಬುಣ," ಅತೆಪ ನೆಲ ನೋಡುತ್ತಲೇ ಹೇಳಿದ. "ಒಂದು ತಿಂಗ್ಳಲ್ಲಿ ಅರವತ್ತು ಕತ್ತಿ ಆಗ್ಬೇಕು ಅಂದ್ರಿ. ಗಟ್ಟಿ ಕಬ್ಬುಣ ಪೂರಾ ಮಡುವಿಗೆ ಹೊಂಟೋಯ್ತು. ಉಳಿದದ್ರಲ್ಲಿ ನಾನೇನ್ ಮಾಡ್ಲಿ..."

"ಮಡುವಿಗೆ ಹೋದದ್ದು ಹೆಚ್ಚಾಯ್ತು ಅಂತೀಯೇನೋ?"

ಕೇಳಿದವನು ಪೂಜಾರಿ ಮೊಗೇತ. ರಥದ ಹಿಂದೆ ಕುದುರೆಯ ಮೇಲೆ ಬಿಳಿ ಬಟ್ಟೆ ಹೊದ್ದು ಕೂತಿದ್ದ. ದನಿ ಏರಿಸಿ ಮಾತಾಡುವವನೇ ಅಲ್ಲ ಆತ, ಏರಿಸುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ.

"ಇಲ್ಲ ಸ್ವಾಮಿ. ತಪ್ಪಾಯ್ತು ಸ್ವಾಮಿ." ನನ್ನ ಗಂಡ ಮಂಡಿಯೂರಿದ.

ನಮ್ಮಲ್ಲಿ ಒಲೆಯಿಂದ ಬಂದ ಒಳ್ಳೆಯ ಕಬ್ಬಿಣವೆಲ್ಲ ದೇವರದು. ಯುದ್ಧಕ್ಕೆ ಮುಂಚೆ ಅದರಲ್ಲಿ ಕತ್ತಿ ಮಾಡಬೇಕು. ಮಾಡಿದ ಕೈಯೇ ಅದನ್ನು ಮತ್ತೆ ಬಗ್ಗಿಸಿ ಕೆಡಿಸಬೇಕು, ಇನ್ನು ಯಾವ ಮನುಷ್ಯನೂ ಹಿಡಿಯದ ಹಾಗೆ. ಆಮೇಲೆ ಪೂಜಾರಿ ಹಲಗೆ ಸೇತುವೆಯ ತುದಿಗೆ ಹೋಗಿ ಅದನ್ನು ದೇವರ ಮಡುವಿಗೆ ಹಾಕುತ್ತಾನೆ. ಹಾಕಿದ್ದನ್ನು ಮುಟ್ಟಿದವರ ಕತೆ ಕೇಳಬೇಡಿ. ನಾನು ಚಿಕ್ಕವಳಿದ್ದಾಗ ಹಟ್ಟಿಯ ಒಬ್ಬ ಅಲ್ಲಿಂದ ಕಂಚಿನ ಬಟ್ಟಲೊಂದನ್ನು ಎತ್ತಿಕೊಂಡಿದ್ದ. ಅವನು ಸಾಯಲು ಮೂರು ದಿನ ಹಿಡಿಯಿತು. ನಮ್ಮನ್ನೆಲ್ಲ ಕರೆಸಿ, ಸಾಲಾಗಿ ಕೂರಿಸಿ ನೋಡಿಸಿದರು.

"ದೇವರಿಗೆ ಸಾಲಲಿಲ್ಲ, ಅದಕ್ಕೇ ಸೋತದ್ದು," ಮೊಗೇತ ಹೇಳಿದ. "ಇನ್ನೂ ಹನ್ನೆರಡು ಕತ್ತಿ ಬೇಕು. ಗಟ್ಟಿ ಕಬ್ಬಿಣದ್ದೇ ಆಗಬೇಕು. ಮೂರು ದಿನ ಗಡುವು."

"ಅದು ಮುಗಿದ್ಮ್ಯಾಲೆ ನೀನು, ನಿನ್ನ ಹಟ್ಟಿ ಗಂಡಸ್ರು, ಅಷ್ಟೂ ಜನ ದಂಡಿನ್ ಮುಂದಿನ್ ಸಾಲ್ಗೆ," ಅಂದ ಒಡೆಯ. "ನೀನ್ ಮಾಡಿದ್ ಸೊಟ್ಟ ಕತ್ತೀನೇ ಹಿಡ್ಕಂಡು ನಿಲ್ಲು, ಗೊತ್ತಾಯ್ತದೆ. ಕಹಳೆ ಕೂಗ್ದಾಗ ಬರ್ನಿಲ್ಲ ಅಂದ್ರೆ ನಿಮ್ಮ ಹೆಂಗಸ್ರನ್ನ ರೋಮಿನ ಯಾಪಾರ್ದೋರ್ಗೆ ಮಾರ್ಬುಡ್ತೀನಿ. ಒಬ್ಬಳಿಗೆ ಒಂದು ಜಾಡಿ ದ್ರಾಕ್ಷಿ ಹೆಂಡ!"

ಅವನ ಯುದ್ಧ ರೋಮಿನವರ ಮೇಲೆ, ಅವನು ಕುಡಿಯುವುದೂ ರೋಮಿನವರ ಹೆಂಡವೇ. ಹಾಳಾದವನು ನನ್ನ ಕಡೆ ನೋಡಿಯೇ ಆ ಮಾತು ಹೇಳಿದ.

ಅವರು ಹೋದ ಮೇಲೆ ಅತೆಪ ಗುಡಿಸಲ ಮೂಲೆ ಅಗೆದು, ಹುಗಿದಿಟ್ಟಿದ್ದ ಗಟ್ಟಿ ಕಬ್ಬಿಣದ ಸಲಾಕೆಗಳನ್ನು ತೆಗೆದ. ನೇಗಿಲಿಗೆ ಅಂತ ಎರಡು ವರ್ಷದಿಂದ ಕೂಡಿಟ್ಟಿದ್ದು. ಎಣಿಸಿ ನೋಡಿದರೆ ಸರಿಯಾಗಿ ಹನ್ನೆರಡು ಕತ್ತಿಗಾಗುವಷ್ಟಿತ್ತು.

"ಒಂದಾರೂ ಇಟ್ಕೋ," ನಾನು ತಿದಿ ಒತ್ತುತ್ತಾ ಹೇಳಿದೆ. "ಹನ್ನೊಂದು ಕೊಡು. ಒಂದು ನಿಂಗೆ."

"ಸುಮ್ಕಿರಮ್ಮಿ."

"ಯಾಕ್ ಸುಮ್ಕಿರ್ಲಿ? ಲೋಸಿಯ ಸುಮ್ಕಿದ್ದ. ಏನಾಯ್ತು?"

"ದೇವ್ರ ಪಾಲು ತಿಂದ್ರೆ ಹಟ್ಟಿ ಉಳೀತದಾ?"

"ಈಗೇನ್ ಉಳ್ದದೆ? ನೀನು ಹೋಗಿ ಹೊಳೆದಂಡೇಲಿ ಕತ್ತಿ ಮೆಟ್ಕಂಡು ನಿಂತ್ಕೋ. ಅವ್ರು ಬಂದು ಕುರಿ ಕೊಯ್ದಂಗೆ ಕೊಯ್ತಾರೆ. ನಿನ್ನ ದೇವ್ರು ಮಡುವೊಳ್ಗೆ ಹನ್ನೆರಡು ಕತ್ತಿ ಇಟ್ಕಂಡು ನೋಡ್ತಾ ಕೂತಿರ್ಲಿ."

ಅವನು ಇಕ್ಕಳ ಎತ್ತಿದ. ಹೊಡೆದೇಬಿಡುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ, ಕಬ್ಬಿಣವನ್ನು ಬೆಂಕಿಗೆ ತಳ್ಳಿದ. "ಗಾಳಿ ಸಾಲ್ದು," ಅಂದ. ಒತ್ತಿದೆ. ಸಿಟ್ಟಿನಲ್ಲಿ ಒತ್ತಿದೆ, ಅಳುತ್ತಾ ಒತ್ತಿದೆ. ಎರಡು ಹಗಲು ಕುಲುಮೆ ಆರಲಿಲ್ಲ. ಬಾರ್ಲಿ ಗಂಜಿ ಒಲೆಯ ಪಕ್ಕ ತಣ್ಣಗಾಗಿ ಕೆನೆಗಟ್ಟಿತು. ಹೆಂಡತಿಯ ಮೇಲಿನ ಕೋಪವನ್ನೆಲ್ಲ ಕೆಲಸಕ್ಕೆ ಹಾಕಿದನೋ ಏನೋ, ಅಂಥ ಕತ್ತಿಗಳನ್ನು ಅವನ ಕೈಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ನೀರಿಗಿಟ್ಟು ಹದ ಕೊಟ್ಟು ತೆಗೆದರೆ ಬೆಳ್ಳಗೆ ನಗುತ್ತಿದ್ದವು.

ಮೂರನೆಯ ದಿನ ಬೆಳಿಗ್ಗೆ ಮಡುವಿನ ದಂಡೆಯಲ್ಲಿ ಊರೆಲ್ಲ ಸೇರಿತು. ಕಂಠಿ ಹಾಕಿಕೊಂಡ ಒಡೆಯರು ಮುಂದೆ, ನಾವು ಹಿಂದೆ ಜೊಂಡಿನ ಕೆಸರಿನಲ್ಲಿ. ಅತೆಪ ಒಂದೊಂದೇ ಕತ್ತಿಯನ್ನು ಮರದ ದಿಮ್ಮಿಯ ಸಂದಿಗೆ ಕೊಟ್ಟು, ಮಂಡಿ ಒತ್ತಿ ಬಗ್ಗಿಸುತ್ತಾ ಹೋದ. ಮೊಗೇತ ಒಂದೊಂದನ್ನೇ ಒಯ್ದು ನೀರಿಗೆ ಬಿಟ್ಟ.

ಹನ್ನೆರಡನೆಯದು ಬಗ್ಗಲಿಲ್ಲ. ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ, ಕೈ ಬಿಟ್ಟರೆ ಚಿಮ್ಮಿ ಮತ್ತೆ ನೆಟ್ಟಗೆ. ಒಂದು ಸಲ, ಎರಡು ಸಲ, ಮೂರು ಸಲ. ಅತೆಪನ ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು.

"ಥೂ ನಿನ್ನ!" ಸೆಗೋಮಾರ ಬಂದು ಅವನ ಬೆನ್ನಿಗೆ ಒದ್ದ. "ನಂಗೆ ಯುದ್ಧಕ್ಕೆ ಬಗ್ಗೋ ಕತ್ತಿ ಕೊಡ್ತಾನೆ, ದೇವ್ರಿಗೆ ಬಗ್ದೇ ಇರೋ ಕತ್ತಿ ತತ್ತಾನೆ! ನೋಡ್ರಪ್ಪಾ ಈ ಕುಲುಮೆ ನಾಯಿ ಬುದ್ಧೀನ!"

ಒಡೆಯರೆಲ್ಲ ಬಿದ್ದು ಬಿದ್ದು ನಕ್ಕರು. ಆಡಿದವನಿಗೂ ತಾನೇನು ಆಡಿದೆ ಅಂತ ತಿಳಿಯಲಿಲ್ಲ. ಅತೆಪ ಆ ಕತ್ತಿಯನ್ನು ಬಂಡೆಯ ಮೇಲಿಟ್ಟು, ಕಲ್ಲಿನಿಂದ ಚಚ್ಚಿ ಚಚ್ಚಿ ಮಡಿಸಿದ. ತನ್ನ ಕೈಯಿಂದಲೇ ಹಾಗೆ ಚಚ್ಚುವಾಗ ಅವನ ಮುಖ ನೋಡಿದೆ. ಹೆತ್ತ ಕೂಸನ್ನು ಹುಗಿಯುವವರ ಮುಖ ಹಾಗಿರುತ್ತದೆ, ನಾನು ಎರಡು ಹುಗಿದಿದ್ದೇನೆ, ನನಗೆ ಗೊತ್ತು. ಅಲ್ಲೇ ನಿರ್ಧಾರ ಮಾಡಿದೆ.

ಪೂಜೆ ಮುಗಿಸಿ ಅವರು ಹಂದಿಮಾಂಸದ ಊಟಕ್ಕೆ ಗುಡ್ಡದ ಕೋಟೆಗೆ ಹೋದರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕಾವಲಿನವನೊಬ್ಬ ಕುದುರೆ ಓಡಿಸಿಕೊಂಡು ಬಂದ. ರೋಮಿನವರು ಹೊಳೆ ದಾಟುತ್ತಿದ್ದಾರಂತೆ. ಇನ್ನೇನು ಕಹಳೆ ಕೂಗುತ್ತದೆ. ಅತೆಪ ಗುಡಿಸಲ ಮುಂದೆ ಕೂತು, ತಾನು ಒಯ್ಯಬೇಕಾದ ಮೆತ್ತನೆಯ ಕತ್ತಿಯನ್ನು ಕಲ್ಲಿಗೆ ಮಸೆಯುತ್ತಿದ್ದ. ಮಸೆದರೆ ಬಗ್ಗುವುದು ನಿಲ್ಲುತ್ತದೆಯೇ? ಅದು ಅವನಿಗೆ ಗೊತ್ತಿರಲಿಲ್ಲವೇ?

ನಾನು ಮಡುವಿಗೆ ಹೋದೆ. ಬಿಸಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಲಗೆ ಸೇತುವೆಯ ತುದಿಯವರೆಗೂ ನಡೆದು ಧುಮುಕಿದೆ. ನೀರು ಎದೆಮಟ್ಟ, ಹಿಮದಷ್ಟು ತಣ್ಣಗಿತ್ತು. ಈಗ ಕೈಕಾಲು ಬಿದ್ದುಹೋಗುತ್ತವೆ, ಈಗ ಕಣ್ಣು ಹೋಗುತ್ತದೆ ಅಂತ ಕಾದೆ. ಏನೂ ಆಗಲಿಲ್ಲ. ಅಂಗಾಲು ಕುಯ್ದಿತು, ಅಷ್ಟೇ. ಮುಳುಗಿ ಎತ್ತಿದರೆ ಅತೆಪನ ಕತ್ತಿ. ಪಕ್ಕದಲ್ಲೇ ಇನ್ನೊಂದು.

"ಅಯ್ಯಯ್ಯೋ ಮುಂಡೇದೇ!" ದಂಡೆಯಲ್ಲಿ ಅದಿಯೇಗಜ್ಜಿ ಎದೆ ಬಡಿದುಕೊಂಡಳು. ಪಕ್ಕದ ಗುಡಿಸಲಿನವಳು, ಜೊಂಡು ಕೊಯ್ಯಲು ಬಂದಿದ್ದಳು. "ಏನೇ ಮಾಡ್ತಿದ್ದೀಯೇ? ನಮ್ಮನ್ನೆಲ್ಲ ಸಾಯಿಸ್ತೀಯೇನೇ?"

"ಸಾಯೋರು ಇವತ್ತೇ ಸಾಯ್ತಾರೆ ಅಜ್ಜಿ. ನಿನ್ನ ಮಗನೂ ಮುಂದಿನ್ ಸಾಲ್ನಾಗೇ ನಿಲ್ಲೋದು."

"ದೇವ್ರದ್ದು ಕಣೇ ಅದು!"

"ನಮ್ಮನೇ ನೇಗಿಲಿಂದು."

ಮುದುಕಿ ಕುಡುಗೋಲು ಕೆಳಗಿಟ್ಟಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೋ ಬೈದುಕೊಳ್ಳುತ್ತಾ ನೀರಿಗಿಳಿದಳು.

ಏಳು ಸಿಕ್ಕವು. ಉಳಿದವನ್ನು ಕೆಸರು ನುಂಗಿತ್ತು. ಒದ್ದೆ ಬಟ್ಟೆಯಲ್ಲೇ ಹೊತ್ತುಕೊಂಡು ಹಟ್ಟಿಗೆ ಬಂದೆವು. ನೋಡಿದವರೆಲ್ಲ ನೋಡಿದರು. ಒಡೆಯನ ಹಂದಿ ಕಾಯುವವನು ಕೋಟೆಯ ಕಡೆ ಓಡಿದ್ದನ್ನೂ ಕಂಡೆ.

ನಾನು ಕತ್ತಿಗಳನ್ನು ಕುಲುಮೆಯ ಮುಂದೆ ಸುರಿದಾಗ ಅತೆಪ ಎದ್ದು, ಹಿಂದಕ್ಕೆ ಹಿಂದಕ್ಕೆ ಸರಿದು, ಗೋಡೆಗೆ ಆತು ನಿಂತ.

"ವಾಪಸ್ ಹಾಕ್ಬುಡು. ಬನೋನಾ, ಕಾಲಿಗ್ ಬೀಳ್ತೀನಿ, ವಾಪಸ್ ಹಾಕ್ಬುಡು."

ನಾನು ಕುಲುಮೆಗೆ ಇದ್ದಿಲು ಸುರಿದೆ. ಅದಿಯೇಗಜ್ಜಿ ತಿದಿ ಹಿಡಿದಳು. ಕತ್ತಿ ಕೆಂಪಾಯಿತು. ಇಕ್ಕಳದಲ್ಲಿ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದೆ. ನಮ್ಮಲ್ಲಿ ಹೆಂಗಸರು ಸುತ್ತಿಗೆ ಮುಟ್ಟುವುದಿಲ್ಲ, ಮುಟ್ಟಿದೆ. ಏಟು ಅಡ್ಡಾದಿಡ್ಡಿ ಬಿತ್ತು. ಕತ್ತಿಯ ಬಾಯಿ ಮುಕ್ಕಾಯಿತು. ಇನ್ನೊಂದು ಹೊಡೆದೆ, ಇನ್ನೂ ಕೆಟ್ಟಿತು.

"ಹಂಗಲ್ಲಮ್ಮಿ," ಗೋಡೆಯ ಹತ್ತಿರದಿಂದ ಅತೆಪ ಹೇಳಿದ.

ಮತ್ತೆ ಹೊಡೆದೆ.

"ಹಂಗಲ್ಲ ಅಂದ್ನಲ್ಲ! ಸೀಳ್ಬುಡ್ತದೆ! ಒಳ್ಳೆ ಕಬ್ಬುಣ ಕಣೇ ಅದು, ಹಾಳ್ಮಾಡ್ಬ್ಯಾಡ!"

ದೇವರ ಭಯಕ್ಕೆ ಅಲ್ಲಾಡದೆ ನಿಂತಿದ್ದವನು ಕೆಟ್ಟ ಕೆಲಸ ನೋಡಲಾರದೆ ಬಂದ. ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಂಡ. ಮೊದಲ ಏಟು ಮಾತ್ರ ಹಗುರಕ್ಕೆ ಬಿತ್ತು. ಆಮೇಲೆ ಅದು ಅವನ ಎಂದಿನ ಕೈ. ಒಂದು ನೆಟ್ಟಗಾಯಿತು. ನೀರಿಗಿಟ್ಟ, ಹದ ನೋಡಿದ, ಅದಿಯೇಗಜ್ಜಿಯ ಮಗನ ಕಡೆ ಎಸೆದ. ಅಷ್ಟರಲ್ಲಿ ಹಟ್ಟಿಯ ಗಂಡಸರು ಬಾಗಿಲ ತುಂಬ ನಿಂತಿದ್ದರು. ಎರಡನೆಯದು. ಮೂರನೆಯದು.

ನಾಲ್ಕನೆಯದು ಬಂಡೆಯ ಮೇಲೆ ಚಚ್ಚಿಸಿಕೊಂಡದ್ದು. ಅದನ್ನು ಬಿಚ್ಚಿ ನೆಟ್ಟಗೆ ಮಾಡುತ್ತಿರುವಾಗ ಹಂದಿ ಮೂತಿಯ ಕಹಳೆ ಗುಡ್ಡದ ಮೇಲೆ ಅರಚಿತು. ಅದರ ಹಿಂದೆಯೇ ರಥದ ಸದ್ದು.

ಸೆಗೋಮಾರ ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆ ಮೊಗೇತ, ಈಟಿ ಹಿಡಿದ ಆಳುಗಳು. ಜನ ಎರಡು ಕಡೆ ಸರಿದರು. ಯಾರೂ ಹೋಗಲಿಲ್ಲ.

"ಮಡು ಮುಟ್ಟಿದ್ದಾರೆ," ಮೊಗೇತ ಅಂದ. ಆತ ದನಿ ಏರಿಸಿದ್ದನ್ನು ಅವತ್ತು ಮೊದಲ ಸಲ ಕೇಳಿದೆ. "ಮಡು ಮುಟ್ಟಿದ್ದಾರೆ ಇವರು!"

"ಯಾವ ಸೂಳೆಮಗ ಮುಟ್ಟಿದ್ದು?" ಸೆಗೋಮಾರ ಕೂಗಿದ. "ಕೊಡ್ಲಾ ಇಲ್ಲಿ ಆ ಕತ್ತಿ! ನೆಲದ ಮ್ಯಾಲಿಟ್ಟು ಬಗ್ಗಲಾ!"

ಅತೆಪ ಕತ್ತಿಯನ್ನು ನೀರಿನಿಂದ ತೆಗೆದ. ಇನ್ನೂ ಹಬೆಯಾಡುತ್ತಿತ್ತು, ಹಿಡಿ ಕೂಡ ಕೂರಿಸಿರಲಿಲ್ಲ. ಹಿಡಿ ಸಿಕ್ಕಿಸುವ ಬರಿಯ ಬಾಲಕ್ಕೆ ಒದ್ದೆ ಚರ್ಮ ಸುತ್ತಿ ಹಿಡಿದ. ಮೂರು ದಿನದಿಂದ ಕೆನ್ನೆಯ ಮೇಲೆ ಒಣಗಿ ನಿಂತಿದ್ದ ರಕ್ತವನ್ನು ಎಡಗೈಯಿಂದ ಒರೆಸಿಕೊಂಡ. ಆಮೇಲೆ ತಲೆಯೆತ್ತಿ ಒಡೆಯನ ಮುಖ ನೋಡಿದ.

"ಬಿಸಿ ಅದೆ ಬುದ್ಧಿ," ಅಂದ. "ಒಳೀಕ್ ಬಂದು ನೀವೇ ತಗಳಿ."

ನಾನು ಅಜ್ಜಿಯ ಕೈಯಿಂದ ತಿದಿ ತೆಗೆದುಕೊಂಡು ಒತ್ತತೊಡಗಿದೆ. ಇನ್ನೂ ಮೂರು ಬಾಕಿ ಇದ್ದವು.