ಐಸ್ ಪ್ಲಾಂಟಿನ ಪ್ರಸಾದ

ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಅಷ್ಟು ದೊಡ್ಡ ಐಸ್ ಪ್ಲಾಂಟಿನಲ್ಲಿ ಆ ರಾತ್ರಿ ಕೇಳುತ್ತಿದ್ದದ್ದು ಅದೊಂದೇ. ಕಂಪ್ರೆಸರ್ ಮೋಟಾರನ್ನು ಓಡಿಸುವ ಡ್ರೈವ್ ಎಂಬ ಎಲೆಕ್ಟ್ರಾನಿಕ್ ಸಾಧನ ಎದ್ದೇಳಲು ನೋಡಿ, ‘ಇಂಟರ್ನಲ್ ಫಾಲ್ಟ್’ ಎಂದು ತೋರಿಸಿ ನಿಂತುಬಿಡುವ ಸದ್ದು.

"ಎಂತ ಮೇಡಂ, ಹೋಯಿತಾ?" ಆಪರೇಟರ್ ಕೃಷ್ಣರಾಜಣ್ಣ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

"ಬಿಚ್ಚದೆ ಹೇಗೆ ಹೇಳುವುದು?"

ರಿಪೇರಿಗೆಂದು ನಾನು ಬೋಳಾರದ ಈ ಪ್ಲಾಂಟಿಗೆ ಬರುವಾಗಲೇ ಅದರ ಒಡತಿ ಖೈರುನ್ನಿಸಾಕ್ಕ ಫೋನ್ ಮಾಡಿದ್ದರು. "ಕಳೆದ ವರ್ಷವೂ ನವರಾತ್ರಿ ಮುಗಿದ ಮೇಲೆಯೇ ಒಂದು ಡ್ರೈವ್ ಹೋಗಿತ್ತು ತನ್ಮಯಿ. ಆಪರೇಟರ್ ತಪ್ಪಾದರೆ ಹೇಳಿಬಿಡು. ಬೇರೆ ಜನ ನೋಡ್ತೇನೆ." ಕೃಷ್ಣರಾಜಣ್ಣನಿಗೆ ಅದು ಗೊತ್ತಿತ್ತೋ ಏನೋ, ನನ್ನ ಮುಖವನ್ನೇ ನೋಡುತ್ತಿದ್ದರು.

ಮೋಟಾರಿನ ವಯರ್ ಕಳಚಿದರೂ ಅದೇ ಫಾಲ್ಟ್. ಅಂದರೆ ತೊಂದರೆ ಡ್ರೈವಿನೊಳಗೇ. ಸಪ್ಲೈ ತೆಗೆದು, ಒಳಗಿನ ಚಾರ್ಜ್ ಇಳಿಯಲು ಕಾದೆ. ಮೀಟರಿನಲ್ಲಿ ಸೊನ್ನೆ ಕಂಡ ಮೇಲೂ ಇನ್ನೊಮ್ಮೆ ನೋಡಿದೆ. ದಣಿದಾಗ ನನ್ನ ಮೇಲೆ ನನಗೇ ನಂಬಿಕೆಯಿರುವುದಿಲ್ಲ. ಪವರ್ ಮಾಡ್ಯೂಲ್ ಸರಿಯಿತ್ತು. ಮೇಲಿನ ಬೋರ್ಡ್ ಎತ್ತಿದೆ. ಕೆಳಗೆ ಇರುವೆಗಳ ಸಾಲು; ಅವುಗಳ ಆಸೆಗೆ ನುಗ್ಗಿ, ಸುಟ್ಟು ಅಂಟಿಕೊಂಡ ಹಲ್ಲಿ. ಇರುವೆಗಳು ಬಂದ ದಾರಿ ಹುಡುಕಿದರೆ, ಡ್ರೈವ್ ಕೂರಿಸಿದ ಪ್ಯಾನೆಲ್ ಪೆಟ್ಟಿಗೆಯ ಮೂಲೆಯಲ್ಲಿ ಬಾಡಿದ ಸೇವಂತಿಗೆ, ಭತ್ತದ ಅರಳಿನ ಹೊದ್ಲು, ಕರಗಿ ಇಳಿದ ಬೆಲ್ಲ.

"ಇದೆಂತ?"

"ಆಯುಧಪೂಜೆಯದ್ದು. ಹೊರಗಿಟ್ಟರೆ ಕಾಲಿಗೆ ಸಿಗ್ತದಲ್ಲ, ಅದಕ್ಕೆ ಪ್ರತಿ ವರ್ಷ ಒಳಗೇ ಇಡ್ತೇನೆ. ಬೆಲ್ಲ ಖೈರುನ್ನಿಸಾಕ್ಕನೇ ಕೊಡುವುದು. ‘ಎಲ್ಲ ನೀವೇ ತಿನ್ಬೇಡಿ ಭಟ್ರೇ, ಮೆಷಿನಿಗೂ ಸ್ವಲ್ಪ ಉಳಿಸಿ’ ಅಂತ ನನಗೆ ತಮಾಷೆ ಮಾಡ್ತಾರೆ." ಹೇಳುತ್ತಾ ಅವರು ನಕ್ಕರು. ಅವರ ಕಣ್ಣಿಗೆ ಬೀಳದಂತೆ ನಾನು ಹಲ್ಲಿಯ ಮೇಲೆ ಬಟ್ಟೆ ಹಾಕಿದೆ.

ಸ್ಪಿರಿಟಿನಲ್ಲಿ ಬೋರ್ಡ್ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿದೆ. ಮೂಲೆಯನ್ನು ಒರೆಸಿ, ವಯರ್ ಬರುವ ತೂತು ಮುಚ್ಚಿದೆ. ಎಲ್ಲ ಜೋಡಿಸಿ ಸಪ್ಲೈ ಕೊಟ್ಟೆ. ಟಿಕ್. ಈ ಸಲ ನಿಲ್ಲಲಿಲ್ಲ. ಕಂಪ್ರೆಸರ್ ಗುಂಯ್ ಎಂದಿತು. ಕೃಷ್ಣರಾಜಣ್ಣ ಕೈಮುಗಿದರು, ನನಗಲ್ಲ, ಡ್ರೈವಿಗೆ.

"ಎಂತ ಆಗಿತ್ತು ಮೇಡಂ?"

"ತೇವ. ಮುಂದಿನ ವರ್ಷ ಪ್ರಸಾದ ಹೊರಗೆ ಸ್ಟೂಲಿನ ಮೇಲಿಡಿ. ಒಳಗಿನ ಬಿಸಿಗೆ ಹಾಳಾಗ್ತದೆ."

"ಹೌದಲ್ಲ, ಪಾಪ," ಎಂದರು, ಬೆಲ್ಲದ ಬಗ್ಗೆ.

ಮೊಬೈಲಿನಲ್ಲಿ ಖೈರುನ್ನಿಸಾಕ್ಕನ ಮೆಸೇಜ್ ಬಂದಿತ್ತು: ‘ಯಾರ ತಪ್ಪು?’ ಹೇಳಿದರೆ ಕೃಷ್ಣರಾಜಣ್ಣನ ಕೆಲಸ ಹೋಗುತ್ತದೆ. ಖೈರುನ್ನಿಸಾಕ್ಕನ ಮನೆಯಿಂದ ಪೂಜೆಗೆ ಬೆಲ್ಲ ಬರುವುದೂ ನಿಲ್ಲುತ್ತದೆ. ‘ಯಾರದ್ದೂ ಅಲ್ಲ. ಉಪ್ಪುಗಾಳಿಗೆ ಹೀಗಾಗ್ತದೆ. ಈಗ ಸರಿಯಾಗಿದೆ’ ಎಂದು ಬರೆದು, ಎರಡು ಸಲ ಓದಿ ಕಳಿಸಿದೆ.

ಹಲ್ಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಕೃಷ್ಣರಾಜಣ್ಣನಿಗೂ ಬೇಡ, ಖೈರುನ್ನಿಸಾಕ್ಕನಿಗೂ ಬೇಡ, ನಮ್ಮ ಆಫೀಸಿನಲ್ಲೂ ಯಾರಿಗೂ ಹೇಳುವುದು ಬೇಡ.